ಸುಕ್ಕಿಲ್ಲದ ಅಂಗಿ

ಬಿಳಿ ಅಂಗಿಯ ಒಂದು ತೋಳಿಗೆ ಇಸ್ತ್ರಿ ಮುಗಿಸಿ ಅಕ್ಕ ಇನ್ನೊಂದಕ್ಕೆ ನೀರು ಚಿಮುಕಿಸಿದಳು. ಒಳಕೋಣೆಯಲ್ಲಿ ತಮ್ಮನ ಮೈ ತೊಳೆದಾಗಿತ್ತು. ಕಂಡವರ ಗೋಡೆಗೆ ಬಣ್ಣ ಬಳಿದೇ ಬದುಕಿದವನು. ಉಗುರಸಂದಿಯ ಹಸಿರು ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಕಾಲರ್ ಚೆನ್ನಾಗಿ ಒತ್ತೇ," ಎಂದಳು ಚಿಕ್ಕಮ್ಮ. "ಅವನ ಮೇಸ್ತ್ರಿ ಬರ್ತಾರಂತೆ. ಕೊನೇ ದಿನನಾದ್ರೂ ನಮ್ಮ ಹುಡುಗ ಅಚ್ಚುಕಟ್ಟಾಗಿ ಕಾಣ್ಲಿ."

"ಆವತ್ತು ಆಸ್ಪತ್ರೇಲೂ ಅಚ್ಚುಕಟ್ಟಾಗೇ ಕಂಡಿದ್ನಲ್ಲ, ಚಿಕ್ಕಮ್ಮ."

*

ತಲೆಯೊಳಗೆ ಯಾರೋ ಬೈಯುತ್ತಾರೆಂದು ತಮ್ಮ ಊಟ ಬಿಟ್ಟಾಗ, ಅಕ್ಕ ಅವನನ್ನು ಕೆಲಸದ ಬಟ್ಟೆಯಲ್ಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಕಾವಲಿನವನು ಇಬ್ಬರ ಕಪ್ಪು ಮುಖ ನೋಡಿದ, ಯಾವ ಬೀದಿಯೆಂದು ಕೇಳಿದ. "ಕುಡಿದಿದ್ದು ಇಳಿದ್ಮೇಲೆ ಬಾ," ಎಂದು ಹೊರದಬ್ಬಿದ. ತಮ್ಮನೋ, ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಬಡವರ ಕೋಪ ದವಡೆಗೆ ಮೂಲವೆಂದು ಅಕ್ಕ ಹಲ್ಲು ಕಚ್ಚಿ ಹಿಂದಿರುಗಿದಳು.

"ನಮ್ಮ ಬಣ್ಣದವರು ಹಾಗೆಲ್ಲ ಹೋಗಬಾರ್ದು ಕಣೇ. ಬಟ್ಟೆ ನೋಡಿಯೇ ಮಣೆ ಹಾಕೋದು," ಎಂದು ಬೀದಿಯ ಹೆಂಗಸರು ಬುದ್ಧಿ ಹೇಳಿದರು.

ಮರುವಾರ ಅವಳೇ ಅವನ ಗಡ್ಡ ಬೋಳಿಸಿ, ತಲೆ ಬಾಚಿ, ಇದೇ ಅಂಗಿಗೆ ಇಸ್ತ್ರಿ ಹಾಕಿ ತೊಡಿಸಿದಳು. "ಕೈ ನಡುಗಿದ್ರೆ ಜೇಬಲ್ಲಿಟ್ಕೋ ಮರಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡು."

ಅಕ್ಕ ಹೇಳಿದಂತೆಯೇ ಅವನು ನಡೆದುಕೊಂಡ. ಡಾಕ್ಟರು ಮೇಲಿನಿಂದ ಕೆಳಗೊಮ್ಮೆ ನೋಡಿದರು.

"ಗುಂಡಿ ಎಲ್ಲ ಸರಿಯಾಗಿ ಹಾಕ್ಕೊಂಡಿದಾನೆ, ಮಾತೂ ನೆಟ್ಟಗಿದೆ. ಇರೋ ಹಾಸಿಗೆಗಳೇ ಸಾಲ್ತಿಲ್ಲ. ನಿಮ್ಮ ಜನ ಗಟ್ಟಿಯಮ್ಮ, ತಡ್ಕೋತೀರಿ."

ಹೊರಗಿನ ಬೆಂಚಿನಲ್ಲಿ ಗುಡ್ಡದ ಮೇಲಿನ ಬಂಗಲೆಯವರ ಹುಡುಗನೊಬ್ಬ ಹರಿದ ಬನಿಯನ್ನಿನಲ್ಲಿ ಅಳುತ್ತಿದ್ದ. ನರ್ಸು ಅವನ ಬೆಳ್ಳನೆಯ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದಳು.

ಬಸ್ಸಿನಲ್ಲಿ ತಮ್ಮ ಕೇಳಿದ್ದ, "ನಾನು ಚೆನ್ನಾಗಿ ಮಾಡಿದ್ನಾ, ಅಕ್ಕ?"

"ಚಿನ್ನದಂಥ ಹುಡುಗ ನೀನು," ಎಂದಿದ್ದಳು. ಆ ತಿಂಗಳು ಕಳೆಯುವ ಮೊದಲೇ ಅವನು ಹೊಳೆಯ ಪಾಲಾದ.

*

"ಅಯ್ಯೋ, ಸುಡ್ತಿದೆ ನೋಡೇ," ಎಂದಳು ಚಿಕ್ಕಮ್ಮ.

ಅಕ್ಕ ಪ್ಲಗ್ ಕಿತ್ತಳು. ಅವಳಿಗೆ ಆ ಅಂಗಿಯ ಮೇಲೆಯೇ ಸಿಟ್ಟು ಬಂದಿತ್ತು. ಅದನ್ನು ಮುದ್ದೆಮಾಡಿ ಎಸೆದು, ಬಾಗಿಲ ಹಿಂದಿನ ಮೊಳೆಯಿಂದ ಅವನ ಕೆಲಸದ ಅಂಗಿ ತಂದಳು. ಬಣ್ಣ ಸಿಡಿದು ಸಿಡಿದು ಅದು ರಟ್ಟಿನಂತಾಗಿತ್ತು.

"ಇದನ್ನಾ? ನೋಡಿದೋರು ಏನಂದಾರು?"

"ಏನಾದ್ರೂ ಅನ್ಲಿ. ಅವನಿಗೆ ಹುಷಾರಿರ್ಲಿಲ್ಲ ಅಂತ ಇವತ್ತಾದ್ರೂ ಕಣ್ಣಿಗೆ ಬೀಳ್ಲಿ."

ಚಿಕ್ಕಮ್ಮ ತಣ್ಣಗಿನ ತೋಳನ್ನು ಎತ್ತಿ ಹಿಡಿದಳು. ಅಕ್ಕ ಅಂಗಿ ತೊಡಿಸಿ, ಬೇಕೆಂದೇ ಒಂದು ಕಾಜ ತಪ್ಪಿಸಿ, ಕೆಳಗಿನಿಂದ ಗುಂಡಿ ಹಾಕುತ್ತ ಬಂದಳು. ಕೊರಳ ಬಳಿ ಒಂದು ಗುಂಡಿ, ಸೇರಲು ಕಾಜವಿಲ್ಲದೆ, ಹಾಗೇ ಉಳಿಯಿತು.