ನೆನೆದ ಹಾಳೆ ಕಾಯುವುದಿಲ್ಲ

ನಾನು ಅಡಿಕೆ ಹಾಳೆಗಳ ಬೂಸ್ಟು ಒರೆಸುತ್ತಿದ್ದೆ. ಎಷ್ಟು ಒರೆಸಿದರೂ ಕಪ್ಪು ಕಲೆ ಹೋಗುತ್ತಿರಲಿಲ್ಲ.

ಅದು ತೊಂಬತ್ತಾರನೇ ಇಸವಿ. ಜಡೆ ಎಂಬ ಊರಲ್ಲಿ ನಮ್ಮ ಮಹಿಳಾ ಸಂಘ ಹಾಳೆ ತಟ್ಟೆ ಮಾಡುತ್ತಿತ್ತು. ನೆನೆಸಲು ಆರು ಜನ, ಒತ್ತಲು ಒಂದೇ ಯಂತ್ರ. ಬಳ್ಳಿಗಾವಿಯ ವೀರಬಸಪ್ಪನವರ ಮನೆ ಮದುವೆಗೆ ಐದು ದಿನದಲ್ಲಿ ಸಾವಿರ ತಟ್ಟೆ ಕೊಡಬೇಕಿತ್ತು. ಹಿಂದಿನ ಸಲ ವಾಸನೆ ಬಂತೆಂದು ಅವರು ಎಲ್ಲವನ್ನೂ ವಾಪಸು ಕಳಿಸಿದ್ದರು. ಈ ಸಲವೂ ಹಾಗಾದರೆ ಸಂಘ ಮುಚ್ಚುವುದೇ ಸರಿ ಎಂಬ ಮಾತಾಗಿತ್ತು. ಅಟ್ಟದ ಮೇಲೆ ಉಳಿದಿದ್ದ ಒಣ ಹಾಳೆ ಸಾವಿರ ತಟ್ಟೆಗೆ ಸರಿಯಾಗುವಷ್ಟೇ.

ಸಂಘದ ಹಿರಿಯರು ದ್ಯಾಮಮ್ಮ. ನಾಟಿ ಗದ್ದೆಯಲ್ಲಿ ಆಳು ನಡೆಸಿದವರು. ಯಾರೂ ಸುಮ್ಮನೆ ಕೂರುವುದು ಅವರಿಗಾಗದು. ಸೋಮವಾರ ಬೆಳಗ್ಗೆ ಎಲ್ಲರನ್ನೂ ಒಟ್ಟಿಗೆ ಬಗ್ಗಿಸಿ ವಾರದ ಹಾಳೆಯನ್ನೆಲ್ಲ ತೊಟ್ಟಿಗೆ ಹಾಕಿಸುತ್ತಿದ್ದರು.

ನಾನು ಬೂಸ್ಟು ಒರೆಸುತ್ತಿದ್ದ ಆ ದಿನ ಶಿಕಾರಿಪುರದಿಂದ ಅವರ ನಾದಿನಿ ಉಚ್ಚಂಗಮ್ಮ ಬಂದಿದ್ದರು. ಅಲ್ಲಿನ ತಟ್ಟೆ ಘಟಕದಲ್ಲಿ ಅವರಿಗೆ ಕೆಲಸ. ಕೊಟ್ಟ ಕಾಫಿ ಬದಿಗಿಟ್ಟು ಗೋಡೆ ಪಕ್ಕದ ನೆನೆದ ಹಾಳೆಯ ರಾಶಿ ಮುಟ್ಟಿ ನೋಡಿದರು.

“ಅತ್ಗೆಮ್ಮ, ಯಂತ್ರ ದಿನಕ್ಕೆ ಎಷ್ಟು ಹಾಳೆ ಒತ್ತತೈತ್ರೀ?”

“ನೂರು. ಹಾಳೆಗೆ ಮೂರು ತಟ್ಟೆ. ಅದೂ ಕರೆಂಟಿದ್ರೆ.”

“ಸೋಮವಾರ ನೆನೆಸಿದ್ದು?”

“ನಾನೂರು. ಮತ್ತೆ ಇವ್ರೆಲ್ಲ ಎಲಡಿಕೆ ಹಾಕ್ಕಂಡು ಕೂರ್ಬೇಕಾ?”

“ಕೂತ್ರೆ ಮನುಷ್ಯರು ಕೊಳೆಯಂಗಿಲ್ಲ. ನೆನೆದ ಹಾಳೆ ಕೊಳಿತೈತಿ.”

“ನಿನ್ನ ಪ್ಯಾಟೆ ಬುದ್ಧಿ ನಮ್ಮೂರಿಗೆ ಆಗಲ್ಲ ಕಣೇ.”

ಉಚ್ಚಂಗಮ್ಮ ನಕ್ಕರು. “ಪ್ಯಾಟೆದಲ್ರೀ, ನಿಮ್ಮದೇ ಬುದ್ಧಿ. ನಾಟಿಗೆ ಮಡಿಯ ಸಸಿ ಎಲ್ಲ ಒಂದೇ ದಿನ ಕೀಳಿಸ್ತೀರೇನು?”

“ಹುಚ್ಚಾ ನಿಂಗೆ? ಅವತ್ತು ನೆಡೋವಷ್ಟೇ ಕೀಳೋದು. ಇಲ್ದಿದ್ರೆ ಸಸಿ ಬಾಡಿ…”

ದ್ಯಾಮಮ್ಮ ರಾಶಿಯ ಕಡೆ ನೋಡಿದರು. ಎಲ್ಲರೆದುರು ತಪ್ಪು ಒಪ್ಪುವುದು ಹಿರಿಯರಿಗೆ ಸುಲಭವಲ್ಲ. ಅವರು ಒಪ್ಪಿದರು.

“ಇಷ್ಟು ವರ್ಷ ಸಸಿ ಕೀಳಿಸ್ದೋಳು, ನಂಗೇ ಹೊಳೀಲಿಲ್ಲ ನೋಡು.” ಆಮೇಲೆ ಯಂತ್ರದ ಮುಂದಿದ್ದ ಗುಡ್ಡಮ್ಮನತ್ತ ತಿರುಗಿದರು. “ನಾಳೆಗೆ ಎಷ್ಟು ಬೇಕೇ?”

“ತೊಂಬತ್ತು ಸಾಕು ದೊಡ್ಡಮ್ಮ,” ಎಂದಳು ಗುಡ್ಡಮ್ಮ, ಮೊದಲೇ ಎಣಿಸಿಟ್ಟವಳಂತೆ. ಅಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

ಮರುದಿನದಿಂದ ಅವಳು ಕೇಳಿದಷ್ಟೇ ಹಾಳೆ ನೆನೆಯಿತು. ಬಿಡುವಾದ ಕೈಗಳು ತಟ್ಟೆಯ ಅಂಚು ಕತ್ತರಿಸಿದವು, ಬಿಸಿಲಿಗೆ ಹರಡಿದವು. ಒಂದು ತಟ್ಟೆ ಸೀದು ಬಂದರೂ ಯಂತ್ರ ನಿಲ್ಲಿಸಿ, ಯಾಕೆಂದು ನೋಡಿಯೇ ಮುಂದಿನದನ್ನು ಒತ್ತಿದರು. ಐದನೇ ದಿನ ಸಾವಿರ ತಟ್ಟೆ ಬಳ್ಳಿಗಾವಿಗೆ ಹೋದವು. ಒಂದೂ ವಾಪಸು ಬರಲಿಲ್ಲ.

ಅಕ್ಕಂದಿರೇ, ನೀವು ಹಪ್ಪಳ ಮಾಡುವವರಿರಬಹುದು, ಊದುಬತ್ತಿ ಹೊಸೆಯುವವರಿರಬಹುದು. ನಿಮ್ಮಲ್ಲೂ ಕೊನೆಯ ಕೆಲಸ ಮಾಡುವ ಗುಡ್ಡಮ್ಮನಂಥವಳು ಒಬ್ಬಳಿರುತ್ತಾಳೆ. ನಾಳೆ ಹಿಟ್ಟಿಗೆ ನೀರು ಹಾಕುವ ಮುಂಚೆ, ಎಷ್ಟು ಬೇಕೆಂದು ಅವಳನ್ನು ಒಂದು ಮಾತು ಕೇಳುತ್ತೀರಾ?