ಮೃತರ ಪಾಲಿನ ಚೆಕ್ಕು

"ಇದ್ರಲ್ಲಿ ಗಾಳ ಇದೆ ಕಣೇ ಆರ್ಡಿ. ಎಲ್ಲೋ ಇದೆ. ಕಾಣಿಸ್ತಿಲ್ಲ, ಅಷ್ಟೆ."

ಹೋಬರ್ಟ್ ಸರ್ಕಾರದಿಂದ ಬಂದ ಚೆಕ್ಕನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿಯನ್ನು ಉಗುರಿನಿಂದ ಕೆರೆದು, ಕಡೆಗೆ ಮೂಸಿಯೂ ನೋಡಿದ. ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡವನು ಮೂಸಿ ಕಂಡುಹಿಡಿಯುವುದೇನು ಎಂದು ಹೆಂಡತಿ ಆರ್ಡಿತ್‌ಗೆ ನಗು ಬಂತು. ನಡುಮನೆಯ ಮೂಲೆಯಲ್ಲಿ ವಿಮೆಯವರು ಬಾಡಿಗೆಗೆ ತರಿಸಿಕೊಟ್ಟ ಆಕ್ಸಿಜನ್ ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಅಲ್ಲಿಂದ ಹೊರಟ ಉದ್ದನೆಯ ನಳಿಕೆ ಹೋಬರ್ಟ್ ಹೋದಲ್ಲೆಲ್ಲ ನೆಲದ ಮೇಲೆ ಹರಿದುಕೊಂಡು ಅವನ ಹಿಂದೆಯೇ ಬರುತ್ತಿತ್ತು.

"ಹುಚ್ಚು ಮುದುಕ, ಕಣಿವೆಗೆಲ್ಲ ಬಂದಿದೆ. ತೆರಿಗೆ ಕಟ್ಟಿದೋರಿಗೆಲ್ಲ ಕಳಿಸ್ತಿದ್ದಾರೆ. ರೋಗ ಬಂದು ಅಂಗಡಿ ಮುಂಗಟ್ಟು ಮುಚ್ಚಿದೆಯಲ್ಲ, ಜನ ಖರ್ಚು ಮಾಡ್ಲಿ ಅಂತ."

"ಜೇಬುಗಳ್ಳ ಪರ್ಸ್ ವಾಪಸ್ ಕೊಟ್ಟು, ಎಲ್ಲಿ, ಒಂದು ಥ್ಯಾಂಕ್ಸ್ ಹೇಳಿ ಸ್ವಾಮಿ ಅಂದಂಗಾಯ್ತು." ಅವನು ಗಂಟಲು ಸರಿಮಾಡಿಕೊಂಡು, ಗದ್ದ ಒಳಗೆಳೆದು, ಟಿವಿಯಲ್ಲಿ ಭಾಷಣ ಮಾಡುವವರ ದನಿ ತೆಗೆದ. "ಪ್ರಿಯ ನಾಗರಿಕರೇ! ನಿಮ್ಮ ಕಷ್ಟ ನೋಡಿ ನಮಗೆ ನಿದ್ದೆಯಿಲ್ಲ. ಊಟ ಮಾತ್ರ ಸೇರ್ತಿದೆ, ದೇವರ ದಯ..." ಮುಂದಿನದನ್ನು ಕೆಮ್ಮು ನುಂಗಿತು.

ಹೋಬರ್ಟ್ ಸ್ಟಿಲ್ಟ್ನರನ ಅನುಮಾನ ಬರೀ ಮುದಿತನದ ಚಪಲವಲ್ಲ. ಕಲ್ಲಿದ್ದಲ ಗಣಿ ಮುಚ್ಚುವ ಮುಂಚೆ ಕಂಪನಿಯವರು ಅವನೂ ಸೇರಿ ಗಣಿಯಲ್ಲಿ ದುಡಿದ ಎಲ್ಲರಿಗೂ ಒಂದೊಂದು ಚೆಕ್ಕು ಹಂಚಿದ್ದರು. ಕ್ರಿಸ್‌ಮಸ್ ಹತ್ತಿರವಿತ್ತು, ಜನ ಕುಣಿದಾಡಿದರು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಸಹಿ ಹಾಕಿದವನು ಮುಂದೆ ಎಂದೂ ಗಣಿಯ ಧೂಳು ತಿಂದ ತನ್ನ ಶ್ವಾಸಕೋಶದ ಹೆಸರಿನಲ್ಲಿ ಪರಿಹಾರ ಕೇಳುವಂತಿಲ್ಲ. ಹೋಬರ್ಟ್ ಓದಿದ, ಸಹಿ ಹಾಕಲಿಲ್ಲ. ಅವನ ತಮ್ಮ ಕ್ಲೆಲ್ ಓದದೆ ಹಾಕಿದ, ಹೊಸ ಟಿವಿ ತಂದ, ಅದರ ಮುಂದೆಯೇ ಕೂತು ಕೆಮ್ಮಿ ಕೆಮ್ಮಿ ಸತ್ತ. ಅಂದಿನಿಂದ ಹೋಬರ್ಟ್ ಯಾವ ಕಾಗದವನ್ನೂ ಹಿಂಬದಿಯಿಂದಲೇ ಓದಲು ಶುರುಮಾಡುತ್ತಿದ್ದ.

ಈ ಚೆಕ್ಕಿನ ಹಿಂಬದಿ ಖಾಲಿಯಿತ್ತು. ಅದೇ ಅವನನ್ನು ಹೆಚ್ಚು ಹೆದರಿಸಿದಂತಿತ್ತು.

"ಕೊಡಿಲ್ಲಿ," ಎಂದು ಆರ್ಡಿತ್ ಕಿತ್ತುಕೊಂಡಳು. ಮುಂಬದಿಯನ್ನು ನೋಡಿದ್ದು ಅವಳೇ. ಇಬ್ಬರ ಹೆಸರೂ ಇತ್ತು. ಅವನ ಹೆಸರಿನ ಬಾಲದಲ್ಲಿ ಇನ್ನೊಂದು ಪುಟ್ಟ ಪದವಿತ್ತು. ಅವಳು ಕನ್ನಡಕ ಒರೆಸಿ ಮತ್ತೆ ಓದಿದಳು.

"ಹೋಬರ್ಟ್, ಇದ್ರಲ್ಲಿ ನಿನ್ನನ್ನ ಮೃತ ಅಂತ ಹಾಕಿದ್ದಾರೆ."

ಅವನು ಬಗ್ಗಿ ನೋಡಿದ. ಆಮೇಲೆ ಮೇಜು ತಟ್ಟಿ ತಟ್ಟಿ ನಕ್ಕ. "ನಂಬಿಬಿಟ್ರು ಕಣೇ! ಬಡ್ಡಿಮಕ್ಕಳು ನಂಬೇಬಿಟ್ರು!"

ಅದು ಅವನದೇ ಕಿತಾಪತಿ. ಬೇಡದ ಲಕೋಟೆ ಬಂದರೆ ಒಡೆಯದೆ, ಮೇಲೆ ದಪ್ಪಕ್ಷರದಲ್ಲಿ "ವಿಳಾಸದಾರ ಸತ್ತಿದ್ದಾನೆ" ಎಂದು ಗೀಚಿ ವಾಪಸ್ ಟಪಾಲು ಡಬ್ಬಿಗೇ ಹಾಕುತ್ತಿದ್ದ. ಶುರುವಾದದ್ದು ಕಾರಿನ ವಿಮೆ ಮಾರುವವರಿಂದ. ಆಮೇಲೆ ಜನಗಣತಿ, ಕೋರ್ಟಿನ ಕರೆ, ಸರ್ಕಾರದ ಮೊಹರು ಬಿದ್ದ ಸಮಸ್ತವೂ ಅದೇ ದಾರಿ ಹಿಡಿದವು. ಟಪಾಲು ತರುವ ಹೆಂಗಸು ಓಪಲ್, ಜೀಪು ನಿಲ್ಲಿಸಿ, "ಇವತ್ತೂ ಸತ್ತಿದ್ದೀರಾ ಹೋಬರ್ಟಣ್ಣ?" ಎಂದು ಕೂಗುವಳು. "ನಿನ್ನೆಗಿಂತ ಸ್ವಲ್ಪ ಜಾಸ್ತೀನೇ ಕಣಮ್ಮ!" ಎಂದು ಇವನು ಜಗಲಿಯಿಂದ ಕೈ ಬೀಸುವನು. ಈ ಚೆಕ್ಕಿನ ಲಕೋಟೆಗೂ ಅದೇ ಗತಿಯಾಗುತ್ತಿತ್ತು, ಅವನು ಪೆನ್ನು ಹುಡುಕುವಷ್ಟರಲ್ಲಿ ಆರ್ಡಿತ್ ಒಡೆಯದೇ ಹೋಗಿದ್ದರೆ.

"ಮುಟ್ಟಬೇಡ," ಎಂದ ಹೋಬರ್ಟ್. ನಗು ನಿಂತಿತ್ತು. "ಸತ್ತೋನಿಗೆ ದುಡ್ಡು ಕಳಿಸೋ ಸರ್ಕಾರ ಸುಮ್ನೆ ಕಳಿಸಿರಲ್ಲ. ಇಟ್ಬಿಡು ಅಲ್ಲೇ." ಚೆಕ್ಕನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸಿ, ನಳಿಕೆ ಎಳೆದುಕೊಂಡು ಜಗಲಿಗೆ ಹೋದ.

ಆರ್ಡಿತ್ ಫ್ರಿಜ್ಜಿನಿಂದ ಹಾಲು ತೆಗೆಯುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಅವಳ ತಲೆಯಲ್ಲಿದ್ದದ್ದು ಜನರೇಟರ್. ಹಿಂದಿನ ಚಳಿಗಾಲ ಗುಡ್ಡದ ಮೇಲಿನ ಓಕ್ ಮರ ಬಿದ್ದು ಕರೆಂಟು ಹೋಗಿತ್ತು. ಯಂತ್ರ ನಿಂತಿತ್ತು. ತುರ್ತಿಗೆಂದು ಕೊಟ್ಟಿದ್ದ ಪುಟ್ಟ ಸಿಲಿಂಡರನ್ನು ಅವನ ಮಂಚದ ಪಕ್ಕ ಇಟ್ಟುಕೊಂಡು, ಅದರ ಮುಳ್ಳು ಕೆಂಪಿನ ಕಡೆ ಸರಿಯುವುದನ್ನು ನೋಡುತ್ತ ಕೂತಿದ್ದಳು. ಅವನು ಆಗಲೂ ಅದೂ ಇದೂ ಅಣಕಿಸಿ ಅವಳನ್ನು ನಗಿಸಿದ್ದ. ತುಟಿ ಮಾತ್ರ ನೀಲಿಗಟ್ಟಿತ್ತು. ಕರೆಂಟು ಬಂದಾಗ ಮುಳ್ಳು ಕೆಂಪಿನೊಳಗಿತ್ತು. ಇನ್ನೊಂದು ಮರ ಬೀಳುವುದಕ್ಕೆ ಯಾರ ಅಪ್ಪಣೆ ಬೇಕು?

ಔಷಧಿ ತರುವ ನೆವ ಹೇಳಿ ಒಂದು ಬೆಳಿಗ್ಗೆ ಚೆಕ್ಕು ಚೀಲಕ್ಕೆ ಹಾಕಿಕೊಂಡು ಬ್ಯಾಂಕಿಗೆ ಹೋದಳು. ರೋಗದ ಕಾರಣ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕಾರಿನ ಸಾಲಿನಲ್ಲಿ ನಿಂತು ಗಾಜಿನಾಚೆಯ ಹುಡುಗಿಗೆ ಕಿಟಕಿಯ ಕೆಳಗಿನ ಡ್ರಾಯರಿನಲ್ಲಿ ಚೆಕ್ಕು ಇಟ್ಟು ತಳ್ಳಿದಳು. ಹುಡುಗಿ ಓದಿ, ಮಾಸ್ಕಿನ ಮೇಲಿನ ಕಣ್ಣು ಸಣ್ಣದು ಮಾಡಿದಳು.

"ಅಯ್ಯೋ, ಹೋಬರ್ಟ್ ಅಂಕಲ್ಲಾ? ನಂಗೆ ಗೊತ್ತೇ ಆಗ್ಲಿಲ್ಲ ಆಂಟಿ. ಈಗ ಯಾರು ಹೋದ್ರೂ ಗೊತ್ತಾಗಲ್ಲ, ಮಣ್ಣು ಮಾಡೋಕೂ ನಾಲ್ಕು ಜನ ಸೇರಂಗಿಲ್ಲ."

ಇಲ್ಲ ಮಗಳೇ, ಜಗಲಿ ಮೇಲೆ ಕೂತು ಬಟಾಣಿ ಸುಲೀತಿದ್ದಾನೆ ಎನ್ನಲು ಆರ್ಡಿತ್ ಬಾಯಿ ತೆರೆದಳು. ಹಾಗಂದರೆ ಚೆಕ್ಕು ವಾಪಸ್ಸು ಎಂಬುದು ಅಷ್ಟೇ ಬೇಗ ಹೊಳೆಯಿತು. ಹಿಂದಿನ ಕಾರು ಹಾರನ್ ಹೊಡೆಯಿತು.

"ಇಲ್ಲಿ ಸಹಿ ಹಾಕಿ ಆಂಟಿ. ಕೆಳಗೆ 'ಮೃತರ ಹೆಂಡತಿ' ಅಂತ ಬರೀರಿ. ಮಿಕ್ಕಿದ್ದು ನಾವು ನೋಡ್ಕೋತೀವಿ. ಎಲ್ಲಾ ಕಡೆ ನಾವೇ ತಿಳಿಸ್ತೀವಿ, ನೀವೇನೂ ಓಡಾಡಬೇಕಾಗಿಲ್ಲ."

ಆರ್ಡಿತ್ ಬರೆದಳು. ಅವಳು ತಲೆ ಎತ್ತದೇ ಬರೆದದ್ದನ್ನು ಹುಡುಗಿ ಬೇರೆ ಥರ ಅರ್ಥಮಾಡಿಕೊಂಡು ರಸೀತಿಯ ಜೊತೆ ಎರಡು ಚಾಕೊಲೇಟ್ ಇಟ್ಟು ಕಳಿಸಿದಳು.

ಜನರೇಟರ್ ಬಂದ ದಿನ ಹೋಬರ್ಟ್ ಬಾಯಿಗೆ ಬಂದಂತೆ ಬೈದ. ಆಮೇಲೆ ಹೊರಗೆ ಬಂದು ಅದರ ಹಗ್ಗ ಎಳೆದು ನೋಡಿ, "ಪರವಾಗಿಲ್ಲ, ಗಟ್ಟಿ ಮಾಲು," ಎಂದ. ಅಷ್ಟರಲ್ಲೇ ಮುಗಿಯಿತೆಂದುಕೊಂಡಳು ಆರ್ಡಿತ್.

ಮರುದಿನ ಕೆಳಗಿನ ತಿರುವಿನ ಗ್ಲೆನಾ ಮೆಟ್ಟಿಲ ಮೇಲೆ ಮುಚ್ಚಿದ ಪಾತ್ರೆ ಇಟ್ಟು, ದೂರದಿಂದಲೇ ಹಾರನ್ ಮಾಡಿ ಹೊರಟುಹೋದಳು. ಕೋಳಿ ಮತ್ತು ಹಿಟ್ಟಿನುಂಡೆಯ ಸಾರು. ಸಂಜೆಯೊಳಗೆ ಇನ್ನೆರಡು ಪಾತ್ರೆ ಬಂದವು, ಒಂದರಲ್ಲಿ ಬೇಯಿಸಿದ ಹಂದಿ ತೊಡೆ. ಈ ಕಣಿವೆಯಲ್ಲಿ ಇಷ್ಟು ಅಡುಗೆ ಒಂದೇ ಮನೆಗೆ ಯಾವಾಗ ಬರುತ್ತದೆ ಎಂಬುದು ಹೋಬರ್ಟನಿಗೆ ಗೊತ್ತಿತ್ತು.

"ಯಾರೇ ಸತ್ತಿದ್ದು?" ಎಂದ.

ಆರ್ಡಿತ್ ಹೇಳಿದಳು. ಬ್ಯಾಂಕು, ಹುಡುಗಿ, ಹಾರನ್ನು, ಸಹಿ, ಎಲ್ಲ. ಅವನು ಬೈಯಲಿಲ್ಲ. ಒಂದು ಉಂಡೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. "ನನ್ನ ಸಾವಿನೂಟ ನಾನೇ ತಿಂತಾ ಇದ್ದೀನಲ್ಲ. ಗ್ಲೆನಾ ಉಪ್ಪು ಕಮ್ಮಿ ಹಾಕಿದ್ದಾಳೆ. ಬದುಕಿದ್ದಾಗ್ಲೂ ಅಷ್ಟೆ, ನನ್ನ ಕಂಡ್ರೆ ಅವಳಿಗೆ ಅಷ್ಟಕ್ಕಷ್ಟೆ." ಆದರೆ ಚಮಚ ಕೆಳಗಿಟ್ಟ.

ಅವನು ಪಿಂಚಣಿ ಕಚೇರಿಗೆ ಫೋನು ಹಚ್ಚಿ ಕೂತ. ಕಾಯಿಸುವ ಸಂಗೀತ ಮುಗಿದು ಒಬ್ಬಳು ಸಿಕ್ಕಳು. ಆಮೇಲೆ ಆರ್ಡಿತ್‌ಗೆ ಇಬ್ಬರ ದನಿಯನ್ನೂ ಮಾಡಿ ತೋರಿಸಿದ. ಮೂಗಿನಲ್ಲೇ ಅವಳ ದನಿ ತೆಗೆದು, "ಮೃತರಿಗೂ ನಿಮಗೂ ಏನ್ ಸಂಬಂಧ ಸಾರ್?" "ತುಂಬಾ ಹತ್ತಿರದ್ದಮ್ಮ, ನಾನೇ ಅವ್ನು." "ಅವರ ಪರವಾಗಿ ಮಾತಾಡೋಕೆ ನಿಮಗೆ ಅಧಿಕಾರಪತ್ರ ಇದೆಯಾ?" "ಅದಕ್ಕೆ ಸಹಿ ಹಾಕೋನು ಸತ್ತಿದ್ದಾನಲ್ಲಮ್ಮ." "ಹಾಗಾದ್ರೆ ಗುರುತಿನ ಚೀಟಿ ತಗೊಂಡು ಖುದ್ದಾಗಿ ಆಫೀಸಿಗೆ ಬನ್ನಿ ಸಾರ್." "ಬರ್ತೀನಿ, ಎಷ್ಟೊತ್ತಿಗೆ?" "ರೋಗ ಮುಗಿಯೋವರೆಗೂ ಆಫೀಸು ಮುಚ್ಚಿದೆ ಸಾರ್."

ಆರ್ಡಿತ್ ನಕ್ಕಳು. ಅವನು ನಗಲಿಲ್ಲ. ಅಣಕಿಸಿ ಮುಗಿಸಿದ ಮೇಲೆ ಅವನ ಸ್ವಂತ ದನಿ ವಾಪಸ್ ಬರಲು ಹೊತ್ತು ಹಿಡಿಯಿತು.

ಆ ತಿಂಗಳ ಪಿಂಚಣಿ ಬರಲಿಲ್ಲ. ಔಷಧಿ ಅಂಗಡಿಯವನು, ವಿಮೆ ನಿಂತಿದೆಯಂತಲ್ಲ ಎಂದು ತಲೆ ಕೆರೆದುಕೊಂಡ. ಕಣಿವೆಯಲ್ಲಿ ಮರಗಳು ಚಿಗುರಿ ರಸ್ತೆಯೇ ಕಾಣದಂತಾಗಿತ್ತು. ಹಾಗಾಗಿ ಟ್ರಕ್ಕು ಅಂಗಳಕ್ಕೆ ತಿರುಗುವವರೆಗೂ ಅವರಿಗೆ ಗೊತ್ತಾಗಲಿಲ್ಲ.

ಇಬ್ಬರು ಇಳಿದರು, ಮಾಸ್ಕು, ಕೈಗವಸು. ಗಡ್ಡದವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಮಿಸೆಸ್ ಸ್ಟಿಲ್ಟ್ನರ್? ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ ತಾಯಿ. ಯಂತ್ರ ತಗೊಂಡು ಹೋಗೋಕೆ ಬಂದ್ವಿ. ಹೆಚ್ಚು ಹೊತ್ತು ಹಿಡಿಯಲ್ಲ."

ಬಾಗಿಲಲ್ಲಿ ಹೋಬರ್ಟ್ ಕಾಣಿಸಿಕೊಂಡ. ಗಡ್ಡದವನು ಅವನನ್ನೂ, ಅವನ ಮೂಗಿನ ನಳಿಕೆಯನ್ನೂ ನೋಡಿದ.

"ನೀವು ಅಣ್ಣನೋ ತಮ್ಮನೋ?"

"ನಾನೇ ಸತ್ತೋನು," ಎಂದ ಹೋಬರ್ಟ್.

ಯಾರೂ ನಗಲಿಲ್ಲ. ಗಡ್ಡದವನು ಕೈಯಲ್ಲಿದ್ದ ಹಾಳೆ ನೋಡಿದ, ಮತ್ತೆ ಹೋಬರ್ಟನನ್ನು ನೋಡಿದ. "ನೋಡಿ ಯಜಮಾನ್ರೇ, ನಂಗೂ ಕಣ್ಣಿದೆ. ಆದ್ರೆ ಇಲ್ಲಿ ವಾಪಸ್ ತರಬೇಕು ಅಂತ ಇದೆ. ಇವತ್ತು ನಾನು ಬಿಟ್ಟು ಹೋದ್ರೆ ನಾಳೆ ಬೇರೆಯವ್ರನ್ನ ಕಳಿಸ್ತಾರೆ, ಪಟ್ಟಣದಲ್ಲಿ ಜನ ಇದಕ್ಕಾಗಿ ಸಾಲುಗಟ್ಟಿ ಕಾಯ್ತಿದ್ದಾರೆ. ತಡೀರಿ, ಕೇಳ್ತೀನಿ."

ಅವನು ಫೋನು ಕಿವಿಗಿಟ್ಟುಕೊಂಡು ಅಂಗಳದ ತುದಿಗೆ ಹೋದ. ಹೋಬರ್ಟ್ ಬಾಗಿಲಚೌಕಟ್ಟು ಹಿಡಿದು ನಿಂತೇ ಇದ್ದ. ಏನಾದರೂ ಅಣಕಿಸಿಯಾನೆಂದು ಆರ್ಡಿತ್ ಅವನ ಮುಖ ನೋಡಿದಳು. ಅವನು ಬರೀ ಉಸಿರಾಡುತ್ತಿದ್ದ, ಬಲು ಜೋಪಾನವಾಗಿ, ಒಂದೊಂದಾಗಿ.

ಗಡ್ಡದವನು ವಾಪಸ್ ಬಂದು ಫೋನನ್ನು ಆರ್ಡಿತ್‌ಗೆ ಚಾಚಿದ. "ನಿಮ್ಮ ಹತ್ರಾನೇ ಮಾತಾಡ್ಬೇಕಂತೆ. ಕಾಗದದಲ್ಲಿರೋದು ನಿಮ್ಮ ಸಹಿ ಅಂತೆ."

"ಹಲೋ, ಮೊದಲಿಗೆ ನಮ್ಮೆಲ್ಲರ ಸಂತಾಪ ಅಮ್ಮ," ಎಂದಿತು ಒಂದು ಮೃದುವಾದ ದನಿ. "ಅವರು ತೀರಿಕೊಂಡ ದಿನ ಯಾವುದು ಅಂತ ಒಂಚೂರು ಹೇಳ್ತೀರಾ?"

ಆರ್ಡಿತ್ ಬಾಯಿ ತೆರೆದಳು. ಅಂಗಳದಲ್ಲಿ ಇನ್ನೊಬ್ಬ ಆಗಲೇ ಟ್ರಕ್ಕಿನ ಹಿಂಬಾಗಿಲು ಎತ್ತಿ ಇಳಿಜಾರು ಹಲಗೆ ಇಳಿಸಿದ್ದ. ಒಳಗಿನ ಕತ್ತಲಲ್ಲಿ ಅದೇ ಬಣ್ಣದ, ಅದೇ ಅಳತೆಯ ಯಂತ್ರಗಳು ಒತ್ತೊತ್ತಾಗಿ ನಿಂತಿದ್ದವು. ನಳಿಕೆಗಳನ್ನು ಅಚ್ಚುಕಟ್ಟಾಗಿ ಸುತ್ತಿ ಒಂದೊಂದರ ತಲೆಯ ಮೇಲೂ ಇಟ್ಟಿದ್ದರು. ಹಿಡಿಕೆಗಳಿಗೆ ಕಟ್ಟಿದ್ದ ಹೆಸರಿನ ಚೀಟಿಗಳು ಗಾಳಿಗೆ ಒಟ್ಟಿಗೆ ಅಲುಗಾಡಿ, ಒಟ್ಟಿಗೆ ನಿಂತವು.