ರಬ್ಬರಿನ ಅಡಿಯ ಬೊಟ್ಟು

“ದೇಜಪ್ಪಣ್ಣ, ಗಾಜು ನಿಮ್ಮ ಕೈಯಲ್ಲೇ ಇದ್ದದ್ದಲ್ವಾ? ಎಲ್ಲಿ ಮಾರಿದ್ರಿ, ಹೇಳಿಬಿಡಿ,” ಎಂದ ಲತೀಶ.

ಅಪ್ಪ ಕೈಯೊರೆಸುವ ಬಟ್ಟೆಯನ್ನು ಮಡಚುತ್ತಲೇ ಇದ್ದರು.

ತುರ್ಭೆಯ ಈ ಗ್ಯಾರೇಜ್ ಲತೀಶನದು. ಇಲ್ಲಿಗೆ ಬರುವ ಹಳೆಯ ವಿದೇಶಿ ಕಾರುಗಳಿಗೆ ಇಪ್ಪತ್ತೆರಡು ವರ್ಷದಿಂದ ಗಾಜು ಕೂರಿಸುತ್ತಿರುವವರು ಅಪ್ಪ. ಡಿಗ್ರಿ ಮುಗಿಸಿದ ನಾನು ಕಾಗದಪತ್ರ ನೋಡಿಕೊಳ್ಳುತ್ತೇನೆ. ನೆರೂಳದ ಗಿರಾಕಿ ಪೃಥ್ವಿರಾಜರ ನೀಲಿ ಕಾರಿನ ಛಾವಣಿಯಲ್ಲಿ ಎರಡು ಗಾಜುಗಳಿವೆ. ಚಿಲಕ ತೆಗೆದರೆ ಕಳಚಿ ಕೈಗೆ ಬರುತ್ತವೆ. ಎಡಗಾಜಿನ ಮೂಲೆಯಲ್ಲಿ ಕಂಪನಿ ಕೊರೆದ ಗುರುತಿತ್ತು. ಬಲದ್ದರಲ್ಲಿ ಇರಲಿಲ್ಲ. ಅದು ಇಲ್ಲೇ ಎಲ್ಲೋ ಕತ್ತರಿಸಿದ ನಕಲು; ಅಸಲಿ ಗಾಜು ಕಾಣೆಯಾಗಿತ್ತು.

“ಈ ವಯಸ್ಸಲ್ಲಿ ಚೋರಿ ಯಾಕೆ ಅಂಕಲ್?” ಎಂದು ಪಕ್ಕದಲ್ಲೇ ನಿಂತಿದ್ದ ಪೃಥ್ವಿರಾಜ್ ನಕ್ಕರು.

ಅಪ್ಪ ಕಳ್ಳನಾಗಿ ಗ್ಯಾರೇಜಿನ ಗೇಟು ದಾಟುವುದನ್ನು ನಾನು ನೋಡಲಾರೆ.

ಶೆಡ್ಡಿನಲ್ಲಿ ಅದೇ ಮಾದರಿಯ ಕೆಂಪು ಕಾರಿತ್ತು, ಲತೀಶನ ಸ್ವಂತದ್ದು. ಮಾಜಿವಾಡಾದ ಗಿರಾಕಿಗೆ ಮಾರಿಯಾಗಿತ್ತು. ಅದರ ಎರಡೂ ಗಾಜಿನ ಮೇಲೆ ಕಂಪನಿಯ ಗುರುತು. ನಾನು ನೇರ ಹೋಗಿ ಬಲಗಾಜನ್ನು ಕಳಚಿ, ಅಂಚಿನ ರಬ್ಬರ್ ಎಳೆಯತೊಡಗಿದೆ.

“ಎಂತ ಮಾಡ್ತಿ ತನ್ವಿ? ನಾಳೆ ಡೆಲಿವರಿ ಉಂಟು.”

“ಲತೀಶಣ್ಣ, ಈ ಗಾಡಿ ಬಂದದ್ದು ಯಾವಾಗ?”

“ದೀಪಾವಳಿ ಆದ್ಮೇಲೆ. ನೀನೇ ಬರ್ದದ್ದಲ್ವಾ?”

ಆಯುಧಪೂಜೆಯ ದಿನ ಅಪ್ಪ ಗ್ಯಾರೇಜಿನಲ್ಲಿರುವ ಪ್ರತಿ ಗಾಜಿಗೂ ಕುಂಕುಮದ ಬೊಟ್ಟಿಡುತ್ತಾರೆ. ಗಿರಾಕಿಗೆ ಕಲೆ ಕಾಣಬಾರದೆಂದು ರಬ್ಬರಿನ ಅಡಿಯಲ್ಲಿ. ರಬ್ಬರ್ ಬಿಚ್ಚಿಕೊಂಡಿತು. ಬೊಟ್ಟು ಒಣಗಿ ಅಲ್ಲೇ ಇತ್ತು.

“ಪೂಜೆಯ ದಿನ ಈ ಮಾದರಿಯದು ಇಲ್ಲಿದ್ದದ್ದು ನಿಮ್ಮ ನೀಲಿ ಗಾಡಿ ಒಂದೇ,” ಎಂದು ಪೃಥ್ವಿರಾಜರಿಗೆ ಹೇಳಿದೆ. “ಇದು ನಿಮ್ಮ ಗಾಜು.”

ಪೃಥ್ವಿರಾಜರ ನಗು ನಿಂತಿತು. ಲತೀಶ ನೆಲ ನೋಡುತ್ತ, “ಕೂರ್ಸಿದ್ದು ಯಾರು, ಅದನ್ನೂ ಕೇಳಿ,” ಎಂದ.

ಎಲ್ಲರೂ ಅಪ್ಪನ ಕಡೆ ತಿರುಗಿದರು.

“ನಾನೇ,” ಎಂದರು ಅಪ್ಪ. “ಗಿರಾಕಿಗೆ ತೋರಿಸ್ಲಿಕ್ಕೆ, ಎರಡು ದಿನಕ್ಕೆ ಮಾತ್ರ ಅಂತ ಲತೀಶ ಹೇಳಿದ್ದ.”

ಪೃಥ್ವಿರಾಜ್ ನನ್ನ ಕೈಯಿಂದ ಗಾಜು ತೆಗೆದುಕೊಂಡರು. “ಇನ್ನು ನನ್ನ ಗಾಡಿ ಇಲ್ಲಿ ಯಾರೂ ಮುಟ್ಟಬೇಡಿ.” ಯಾರೂ ಎನ್ನುವಾಗ ಅವರು ನೋಡಿದ್ದು ಅಪ್ಪನನ್ನು.

ಅಪ್ಪ ತಮ್ಮ ಸಲಕರಣೆಯ ಚೀಲ ಹೆಗಲಿಗೇರಿಸಿದರು. ನಾನೂ ಅವರ ಜೊತೆ ಬಸ್‌ಸ್ಟಾಪಿಗೆ ನಡೆದೆ.

“ಬೊಟ್ಟು ಇರುವುದು ಗೊತ್ತಿತ್ತಾ?” ನಾನು ಕೇಳಿದೆ.

“ಹ್ಞೂಂ. ಲತೀಶ ಒರೆಸ್ಲಿಕ್ಕೆ ಹೇಳಿದ್ದ. ಒರೆಸ್ಲಿಲ್ಲ.”

“ಅದನ್ನು ಅಲ್ಲೇ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಕೂರ್ಸಿದ್ದು ನಾನೇ ಅಂತಲೂ ಹೇಳ್ಬೇಕಿತ್ತು,” ಎಂದು ಅಪ್ಪ ಬಸ್ಸು ಬರುವ ದಿಕ್ಕಿಗೆ ನೋಡಿದರು. ನನ್ನ ಬೆರಳಿಗೆ ಅಂಟಿದ್ದ ಕುಂಕುಮವನ್ನು ಕಂಬಕ್ಕೆ ಉಜ್ಜಿದೆ, ಚರ್ಮ ಉರಿಯುವವರೆಗೆ.